ಶುಶ್ರೂಷಾ ವಿದ್ಯಾರ್ಥಿಗಳ ಸಮವಸ್ತ್ರ ಮತ್ತು ಉಡುಪಿನ ನಿಯಮಗಳು

ನರ್ಸಿಂಗ್ ಕಾಲೇಜಿಗೆ ಸೇರಿದ ಮೊದಲ ದಿನಗಳಲ್ಲೇ ವಿದ್ಯಾರ್ಥಿಯ ಕೈಗೆ ಒಂದು ಪಟ್ಟಿ ಬರುತ್ತದೆ. ತರಗತಿಗೆ ಯಾವ ಬಣ್ಣ, ವಾರ್ಡಿಗೆ ಯಾವ ಬಣ್ಣ, ಹಳ್ಳಿಯ ಪೋಸ್ಟಿಂಗಿಗೆ ಯಾವುದು, ಶೂ ಬಿಳಿಯೋ ಕರಿಯೋ, ತುರುಬಿಗೆ ನೆಟ್ ಬೇಕೋ, ಉಗುರು ಎಷ್ಟು ಇರಬೇಕು, ಬಳೆ ತೊಡಬಹುದೇ, ಗಡ್ಡ ಬಿಡಬಹುದೇ ಎಂಬುದೆಲ್ಲ ಅದರಲ್ಲಿರುತ್ತದೆ. ಹಾಳೆ ಒಂದೇ ಆದರೂ ಅದರೊಳಗಿನ ನಿಯಮಗಳೆಲ್ಲ ಒಂದೇ ಮೂಲದವಲ್ಲ. ಕೆಲವು ಸೋಂಕು ತಡೆಯುವ ವಿಜ್ಞಾನದಿಂದ ಬಂದವು. ಕೆಲವು ರೋಗಿಗೆ ಗುರುತು ಸಿಗಲೆಂದು ಮಾಡಿದವು. ಉಳಿದವು ಯುರೋಪಿನ ಕ್ರೈಸ್ತ ಸೇವಾಶ್ರಮಗಳ ಮತ್ತು ಸೈನ್ಯದ ಶಿಸ್ತಿನಿಂದ ಇಳಿದು ಬಂದು, ಕಾರಣ ಮರೆತ ಮೇಲೂ ಉಳಿದುಕೊಂಡವು. ಈ ಮೂರನ್ನು ಬಿಡಿಸಿ ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಾಸನ ಜಿಲ್ಲೆಯಲ್ಲೇ 2024ರ ನವೆಂಬರಿನಲ್ಲಿ ಒಂದು ಉದಾಹರಣೆ ಸಿಕ್ಕಿತು. ಅದರ ವಿವರ ಮುಂದಿದೆ.

ಅರಸೀಕೆರೆ, ಬೇಲೂರು, ಹಳೇಬೀಡಿನ ಮಕ್ಕಳು ನರ್ಸಿಂಗ್ ಓದಬೇಕೆಂದರೆ ಹೆಚ್ಚಾಗಿ ಮುಖ ಮಾಡುವುದು ಹಾಸನದ ಕಡೆಗೆ. ಅರಸೀಕೆರೆ ಬೆಂಗಳೂರು, ಹುಬ್ಬಳ್ಳಿ, ಮೈಸೂರು ರೈಲು ದಾರಿಗಳು ಕೂಡುವ ಜಂಕ್ಷನ್. ಅಲ್ಲಿಂದ ಹಾಸನಕ್ಕೆ ರೈಲಿದೆ. ಬೇಲೂರು, ಹಳೇಬೀಡಿನವರಿಗೆ ಬಸ್ಸೇ ಗತಿ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರಲ್ಲಿ ಶುರುವಾದ ಮೇಲೆ ಜಿಲ್ಲಾ ಆಸ್ಪತ್ರೆಯೇ ಬೋಧನಾ ಆಸ್ಪತ್ರೆಯಾಯಿತು. ಹಾಸನ ಮತ್ತು ಹೊಳೆನರಸೀಪುರದಲ್ಲಿ ಸರ್ಕಾರಿ ನರ್ಸಿಂಗ್ ಕಾಲೇಜುಗಳಿವೆ, ಖಾಸಗಿ ಶಾಲೆಗಳೂ ಇವೆ. ಅದಕ್ಕೂ ಬಹಳ ಮೊದಲಿನಿಂದ ಹಾಸನದಲ್ಲಿ ಮಿಷನ್ನಿನ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಇತ್ತು. ಈ ಸೀಮೆಯ ಹಳೆಯ ತಲೆಮಾರಿನವರ ಮನಸ್ಸಿನಲ್ಲಿ ‘ನರ್ಸಮ್ಮ’ ಎಂದರೆ ಮೂಡುವ ಬಿಳಿ ಸೀರೆಯ ಚಿತ್ರಕ್ಕೆ ಇಂಥ ಮಿಷನ್ ಆಸ್ಪತ್ರೆಗಳ ಪಾಲು ದೊಡ್ಡದು.

ಬಿಳಿಯ ಬಟ್ಟೆ ಬಂದ ದಾರಿ

ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ 1836ರಲ್ಲಿ ಪಾದ್ರಿ ಥಿಯೋಡೋರ್ ಫ್ಲೀಡ್ನರ್ ರೋಗಿಗಳ ಸೇವೆ ಮಾಡುವ ಹೆಂಗಸರಿಗೆಂದು ಒಂದು ಆಶ್ರಮ ತೆರೆದ. ಗಾಢ ಬಣ್ಣದ ನಿಲುವಂಗಿ, ತಲೆಗೆ ಬಿಳಿಯ ಟೋಪಿ ಅಲ್ಲಿನ ಉಡುಪು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ತರಬೇತಿ ಪಡೆದದ್ದು ಅಲ್ಲೇ. ಮೂರು ವರ್ಷಗಳ ನಂತರ ಕ್ರಿಮಿಯಾ ಯುದ್ಧದ ಗಾಯಾಳುಗಳಿಗಾಗಿ ಆಕೆ 38 ಹೆಂಗಸರ ತಂಡ ಕಟ್ಟಿಕೊಂಡು ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೊರಟಾಗ ತಂಡದ ನರ್ಸ್‌ಗಳಿಗೆ ಬೂದು ಬಣ್ಣದ ಒರಟು ಉಡುಪು, ಬಿಳಿ ಟೋಪಿ, ಆಸ್ಪತ್ರೆಯ ಹೆಸರನ್ನು ಕೆಂಪು ದಾರದಲ್ಲಿ ಕಸೂತಿ ಮಾಡಿದ ಒಂದು ಪಟ್ಟಿಬಟ್ಟೆ ಕೊಟ್ಟಿದ್ದರು. ಟೋಪಿಗೆ ಹೂವು, ಬಣ್ಣದ ರಿಬ್ಬನ್ನು ಸಿಕ್ಕಿಸಬಾರದೆಂಬ ನಿಯಮವೂ ಆಗಲೇ ಇತ್ತು. ಆ ಉಡುಪಿನಲ್ಲಿ ಸೊಗಸು ಇರಲಿಲ್ಲ, ಇರಬಾರದೆಂಬುದೇ ಉದ್ದೇಶ. ಸಾವಿರಾರು ಸೈನಿಕರ ನಡುವೆ ಓಡಾಡುವ ಹೆಣ್ಣನ್ನು ಯಾರೂ ಬೇರೆ ಕಣ್ಣಿನಿಂದ ನೋಡದಂತೆ ಆ ಬಟ್ಟೆ ಕಾಯಬೇಕಿತ್ತು.

ಗಮನಿಸಬೇಕಾದ ಮಾತೊಂದಿದೆ. ರೋಗಾಣುಗಳಿಂದ ಕಾಯಿಲೆ ಬರುತ್ತದೆ ಎಂಬುದು ಆಗಿನ್ನೂ ಸ್ಥಾಪಿತವಾಗಿರಲಿಲ್ಲ. ಹಾಗಾಗಿ ನರ್ಸ್‌ಗಳ ಮೊದಲ ಸಮವಸ್ತ್ರ ಹುಟ್ಟಿದ್ದು ಮರ್ಯಾದೆ ಮತ್ತು ಗುರುತಿಗಾಗಿ. ಸೋಂಕಿನ ಲೆಕ್ಕ ಆಮೇಲೆ ಬಂದು ಸೇರಿಕೊಂಡಿತು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ನೈಟಿಂಗೇಲ್ ಶಾಲೆ ತೆರೆದ ಮೇಲೆ ಅಲ್ಲಿ ಕಲಿತವರು ಈ ಮಾದರಿಯನ್ನು ಹಲವು ದೇಶಗಳಿಗೆ ಕೊಂಡೊಯ್ದರು.

ಭಾರತಕ್ಕೆ ಅದು ಎರಡು ಬಾಗಿಲಿನಿಂದ ಬಂತು. ಒಂದು ಸೈನ್ಯ. 1888ರಲ್ಲಿ ಬ್ರಿಟನ್ನಿನಿಂದ ಹತ್ತು ಮಂದಿ ನರ್ಸ್‌ಗಳು ಮುಂಬೈಯಲ್ಲಿ ಇಳಿದರು, ಇಂದಿನ ಮಿಲಿಟರಿ ನರ್ಸಿಂಗ್ ಸೇವೆ ತನ್ನ ಮೂಲವನ್ನು ಅಲ್ಲಿಗೆ ಒಯ್ಯುತ್ತದೆ. ಇನ್ನೊಂದು ಮಿಷನ್. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಬಂತು, ಊರಿನವರ ಬಾಯಲ್ಲಿ ಅದು ಇಂದಿಗೂ ‘ಮಿಷನ್ ಆಸ್ಪತ್ರೆ’. ಆಂಗ್ಲೋ ಇಂಡಿಯನ್ ನರ್ಸ್‌ಗಳು ಫ್ರಾಕು, ಟೋಪಿ ಹಾಕಿದರೆ, ದೇಶೀ ಹುಡುಗಿಯರಿಗೆ ಬಿಳಿ ಸೀರೆ ಬಂತು. ಈ ಬಿಳಿ ಸೀರೆ ನಮ್ಮಲ್ಲಿ ಸಲೀಸಾಗಿ ಒಪ್ಪಿಗೆಯಾಗಲಿಲ್ಲ. ಹಳೇ ಮೈಸೂರು ಸೀಮೆಯ ಎಷ್ಟೋ ಮನೆತನಗಳಲ್ಲಿ ಬಿಳಿ ಸೀರೆ, ಬೋಳು ಕೈ ವಿಧವೆಯ ಗುರುತು. ಮದುವೆಯಾಗದ ಮಗಳನ್ನು ಆ ವೇಷದಲ್ಲಿ ನೋಡಲು ಹಿಂಜರಿದ ತಂದೆತಾಯಿಗಳ ಕಷ್ಟ ಸಣ್ಣದಲ್ಲ. ನರ್ಸಿಂಗ್ ಕೆಲಸದ ಬಗ್ಗೆ ಸಮಾಜದಲ್ಲಿ ಬಹುಕಾಲ ಇದ್ದ ಅಸಡ್ಡೆಯಲ್ಲಿ ಮೈಲಿಗೆ ಮತ್ತು ರಾತ್ರಿ ಪಾಳಿಯ ಜೊತೆಗೆ ಈ ಬಟ್ಟೆಯ ಪಾಲೂ ಇತ್ತೆಂದು ಹೇಳಬೇಕು.

ನಿಯಮ ಮಾಡುವವರು ಯಾರು

ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯ್ದೆ ಬಂದದ್ದು 1947ರಲ್ಲಿ. ಕರ್ನಾಟಕದಲ್ಲಿ ನರ್ಸ್, ಸೂಲಗಿತ್ತಿ ಮತ್ತು ಆರೋಗ್ಯ ಸಂದರ್ಶಕಿಯರ ನೋಂದಣಿಗೆ 1961ರ ಕಾಯ್ದೆ ಇದೆ. ಬಿ.ಎಸ್ಸಿ. ನರ್ಸಿಂಗ್ ಪದವಿಯ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾಕ್ಕೆ ರಾಜ್ಯದ ಪ್ರತ್ಯೇಕ ಪರೀಕ್ಷಾ ಮಂಡಳಿ ಇದೆ. ಪಠ್ಯ ಏನು, ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ, ಎಷ್ಟು ಹಾಸಿಗೆಯ ಆಸ್ಪತ್ರೆ ಬೇಕು ಎಂಬುದನ್ನು ಮೇಲಿನವರು ಬರೆದಿಡುತ್ತಾರೆ. ಬಟ್ಟೆಯ ಬಣ್ಣ, ಅಂಚು, ತೋಳಿನ ಉದ್ದ ತೀರ್ಮಾನವಾಗುವುದು ಮಾತ್ರ ಬಹುಮಟ್ಟಿಗೆ ಕಾಲೇಜಿನಲ್ಲೇ. ಆದ್ದರಿಂದಲೇ ಹಾಸನದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ನಿಂತರೆ ಒಂದೇ ಪಠ್ಯ ಓದುವ ಹುಡುಗಿಯರು ಬೇರೆ ಬೇರೆ ಬಣ್ಣದಲ್ಲಿ ಕಾಣುತ್ತಾರೆ. ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ಅಂಗೀಕರಿಸಿ, 1947ರ ಕಾಯ್ದೆಯ ಜಾಗಕ್ಕೆ ಹೊಸ ವ್ಯವಸ್ಥೆಯನ್ನು ತಂದಿತು.

ದುಡ್ಡಿನ ಮಾತನ್ನೂ ಇಲ್ಲೇ ಹೇಳಬೇಕು. ಏಳನೇ ವೇತನ ಆಯೋಗದ ನಂತರ 2017ರಲ್ಲಿ ಕೇಂದ್ರ ಸರ್ಕಾರಿ ನರ್ಸ್‌ಗಳಿಗೆ ಉಡುಪಿನ ಭತ್ಯೆಯಾಗಿ ತಿಂಗಳಿಗೆ 1,800 ರೂಪಾಯಿ ನಿಗದಿಯಾಯಿತು. ಕೆಲಸದ ಬಟ್ಟೆಗೆ ಕೆಲಸ ಕೊಟ್ಟವರೇ ಹಣ ಕೊಡಬೇಕೆಂಬ ತತ್ವ ಅದರ ಹಿಂದಿದೆ. ವಿದ್ಯಾರ್ಥಿಗೆ ಹಾಗಿಲ್ಲ. ಎರಡು ಜೊತೆ ವಾರ್ಡಿನ ಬಟ್ಟೆ, ಒಂದು ಜೊತೆ ಹಳ್ಳಿ ಪೋಸ್ಟಿಂಗಿನದು, ಏಪ್ರನ್, ಶೂ, ಹೆಸರಿನ ಫಲಕ, ಸೆಕೆಂಡಿನ ಮುಳ್ಳಿರುವ ಗಡಿಯಾರ ಎಲ್ಲವೂ ಮನೆಯ ಖರ್ಚು. ತೆಂಗಿಗೆ ರೋಗ ಬಿದ್ದು ಕೊಬ್ಬರಿ ಕೈಕೊಟ್ಟ ವರ್ಷ ಅರಸೀಕೆರೆ ಕಡೆಯ ರೈತನಿಗೆ ಇದು ಹೊರೆಯೇ. ವರ್ಷಕ್ಕೊಮ್ಮೆ ಬಣ್ಣ ಬದಲಿಸುವ, ತಾವು ಹೇಳಿದ ಅಂಗಡಿಯಲ್ಲೇ ಕೊಳ್ಳಿರೆನ್ನುವ ಅಭ್ಯಾಸ ಎಲ್ಲಿದ್ದರೂ ಅದಕ್ಕೆ ಆರೋಗ್ಯಶಾಸ್ತ್ರದ ಬೆಂಬಲವಿಲ್ಲ.

ಕೈ, ಉಗುರು, ತಲೆಗೂದಲು

ಪಟ್ಟಿಯಲ್ಲಿ ಗಟ್ಟಿ ಆಧಾರವಿರುವ ಭಾಗ ಕೈಗಳಿಗೆ ಸಂಬಂಧಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಕೈ ನೈರ್ಮಲ್ಯದ ಮಾರ್ಗಸೂಚಿ ಕೃತಕ ಉಗುರನ್ನು ಸ್ಪಷ್ಟವಾಗಿ ಬೇಡ ಎನ್ನುತ್ತದೆ. ಸ್ವಂತ ಉಗುರಿನ ತುದಿ ಅರ್ಧ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ರೋಗಿಯ ಆರೈಕೆಯ ಹೊತ್ತಿನಲ್ಲಿ ಉಂಗುರ ಮತ್ತಿತರ ಕೈಒಡವೆ ತೊಡುವುದನ್ನು ಅದು ಬಲವಾಗಿ ನಿರುತ್ತೇಜಿಸುತ್ತದೆ. ಉಂಗುರದ ಅಡಿಯ ಚರ್ಮದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚು ಉಳಿಯುತ್ತವೆ, ಸೋಪು ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ.

ಉಗುರಿನ ನಿಯಮವನ್ನು ಹಗುರವಾಗಿ ಕಾಣುವವರಿಗೆ ಅಮೆರಿಕದ ಒಕ್ಲಹೋಮಾ ನಗರದ ಪ್ರಕರಣವನ್ನು ಹೇಳಬೇಕು. 1997–98ರಲ್ಲಿ ಅಲ್ಲಿನ ಒಂದು ಆಸ್ಪತ್ರೆಯ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಹರಡಿತು. 46 ಮಕ್ಕಳಿಗೆ ಅದು ತಗುಲಿತು, ಅವರಲ್ಲಿ 16 ಮಕ್ಕಳು ತೀರಿಕೊಂಡರು. ತನಿಖೆ ಮಾಡಿದವರು ಇಬ್ಬರು ನರ್ಸ್‌ಗಳ ಉದ್ದ ಉಗುರಿಗೆ ಇದರಲ್ಲಿ ಪಾತ್ರವಿದ್ದಿರಬಹುದೆಂದು ಕಂಡುಕೊಂಡರು. ಒಬ್ಬರದು ಸಹಜ ಉಗುರು, ಇನ್ನೊಬ್ಬರದು ಕೃತಕ. ಇಬ್ಬರಲ್ಲಿ ಯಾರೂ ಬೇಕೆಂದು ಮಾಡಿದವರಲ್ಲ. ಬೇಲೂರಿನ ತಾಲೂಕು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿಗೆ ನಿಲ್ಲುವ ಎರಡನೇ ವರ್ಷದ ಹುಡುಗಿಗೆ ‘ಉಗುರು ತೋರಿಸಮ್ಮ’ ಎನ್ನುವ ಮೇಡಂ ಕಿರಿಕಿರಿ ಅನ್ನಿಸಬಹುದು. ಈ ಒಂದು ಸಂಗತಿ ತಿಳಿದ ಮೇಲೆ ಹಾಗನ್ನಿಸುವುದಿಲ್ಲ.

ಮೊಣಕೈ ಕೆಳಗೆ ಬಟ್ಟೆಯಾಗಲಿ ಗಡಿಯಾರವಾಗಲಿ ಇರಬಾರದೆಂಬ ನಿಯಮವನ್ನು ಬ್ರಿಟನ್ನಿನ ಆರೋಗ್ಯ ಇಲಾಖೆ 2007ರಲ್ಲಿ ತಂದಿತು. ನಮ್ಮಲ್ಲೂ ಹಲವು ಆಸ್ಪತ್ರೆಗಳು ಅದನ್ನೇ ಪಾಲಿಸುತ್ತವೆ. ಮಣಿಕಟ್ಟಿನವರೆಗೆ ಕೈ ತೊಳೆಯಲು ಅನುಕೂಲ, ತೋಳಿನ ತುದಿ ಗಾಯಕ್ಕೆ ತಾಗುವುದಿಲ್ಲ. ಗಡಿಯಾರವನ್ನು ಎದೆಯ ಮೇಲೆ ತಲೆಕೆಳಗಾಗಿ ಪಿನ್ನು ಮಾಡಿಕೊಳ್ಳುವ ಹಳೆಯ ಕ್ರಮಕ್ಕೆ ಹೀಗೆ ಹೊಸ ಕಾರಣವೂ ಸಿಕ್ಕಿತು. ನಾಡಿ ಎಣಿಸುವಾಗ ಎರಡೂ ಕೈ ರೋಗಿಯ ಬಳಿ ಇರುತ್ತವೆ, ಕಣ್ಣು ಕೆಳಗೆ ಇಳಿಸಿದರೆ ಸೆಕೆಂಡಿನ ಮುಳ್ಳು ಕಾಣುತ್ತದೆ.

ಇಷ್ಟಾದರೂ ಬಟ್ಟೆಯಿಂದಲೇ ರೋಗ ಹರಡುತ್ತದೆ ಎಂಬ ನಂಬಿಕೆಗೆ ವಿಜ್ಞಾನ ಅಷ್ಟೊಂದು ಬೆಂಬಲ ಕೊಟ್ಟಿಲ್ಲ. ಬ್ರಿಟನ್ನಿನ ತಜ್ಞರು 2007ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ ನೋಡಿದರು. ಸಮವಸ್ತ್ರದ ಮೇಲೆ ರೋಗಾಣುಗಳು ಸಿಗುತ್ತವೆ, ಆದರೆ ಅಲ್ಲಿಂದ ರೋಗಿಗೆ ಸೋಂಕು ದಾಟುತ್ತದೆ ಎನ್ನಲು ಒಳ್ಳೆಯ ಪುರಾವೆ ಸಿಗಲಿಲ್ಲ. ಅಪಾಯ ಹೆಚ್ಚಿರುವುದು ತೊಳೆಯದ ಕೈಯಲ್ಲಿ. ಹಾಗೆಂದು ಕೊಳಕು ಬಟ್ಟೆ ನಡೆಯುತ್ತದೆ ಎಂದಲ್ಲ, ಯಾವ ತಪ್ಪಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಇದು ತಿಳಿಸುತ್ತದೆ. ಇಸ್ತ್ರಿಯಿಲ್ಲದ ದುಪಟ್ಟಾಕ್ಕೆ ದಿನದ ಹಾಜರಿ ಕಳೆಯುವ ಕಾಲೇಜು, ವಾರ್ಡಿನ ಸಿಂಕಿನಲ್ಲಿ ಸೋಪು ಇದೆಯೇ ಎಂದು ನೋಡದಿದ್ದರೆ ಆದ್ಯತೆ ತಿರುಗುಮುರುಗಾದಂತೆ.

ತಲೆಗೂದಲಿನ ವಿಷಯ ಸರಳ. ಬಾಗಿದಾಗ ಜಡೆ ಮುಂದೆ ಬೀಳಬಾರದು, ಡ್ರೆಸ್ಸಿಂಗ್ ತಟ್ಟೆಗೆ ಕೂದಲು ಉದುರಬಾರದು, ಗೊಂದಲದಲ್ಲಿರುವ ರೋಗಿ ಹಿಡಿದು ಎಳೆಯಲು ಸಿಗಬಾರದು. ತುರುಬು ಕಟ್ಟಿ ನೆಟ್ ಹಾಕಿದರೆ ಮೂರೂ ಮುಗಿಯಿತು. ಮುಚ್ಚಿದ ಶೂ ಕೂಡ ಹಾಗೆಯೇ. ಕೈತಪ್ಪಿ ಬಿದ್ದ ಸೂಜಿ ಚಪ್ಪಲಿಯ ಬೆರಳಿಗೆ ಚುಚ್ಚುತ್ತದೆ, ಶೂಗೆ ಚುಚ್ಚುವುದಿಲ್ಲ.

ಬಳೆ, ಹೂವು, ತಾಳಿ

ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಮದನಿಕೆಯರ ಮೈಮೇಲೆ ಕಂಕಣ, ತೋಳಬಂದಿ, ಓಲೆ, ಕಾಲ್ಗಡಗ, ಎತ್ತರದ ಮುಡಿ ಎಲ್ಲವೂ ಇವೆ. ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಗಳಲ್ಲೂ ಒಡವೆಯಿಲ್ಲದ ಹೆಣ್ಣನ್ನು ಕಾಣುವುದು ಕಷ್ಟ. ಹೆಣ್ಣಿನ ಅಲಂಕಾರವನ್ನು ಕಲ್ಲಿನಲ್ಲಿ ಇಷ್ಟು ಅಕ್ಕರೆಯಿಂದ ಕೆತ್ತಿಸಿದ ಸೀಮೆಯಿಂದ ಬಂದ ಹುಡುಗಿಗೆ, ವಾರ್ಡಿಗೆ ಹೋಗುವಾಗ ಬಳೆ ತೆಗೆ ಎಂಬ ಮಾತು ಬರಿಯ ಸ್ವಚ್ಛತೆಯ ಮಾತಾಗಿ ಕೇಳಿಸುವುದಿಲ್ಲ. ಮನೆಯಲ್ಲಿ ಅಜ್ಜಿ ‘ಬರಿಗೈಲಿ ಇರಬೇಡ ಕಣೇ’ ಎಂದು ಹೇಳಿಕೊಟ್ಟಿರುತ್ತಾರೆ. ಶುಕ್ರವಾರ ಮಲ್ಲಿಗೆಯೋ ಕನಕಾಂಬರವೋ ಮುಡಿಯದೆ ಹೊರಗೆ ಹೋಗದವರು ಈ ಕಡೆ ಇನ್ನೂ ಇದ್ದಾರೆ.

ಇಲ್ಲಿ ನಿಯಮ ಮತ್ತು ಕಾರಣ ಎರಡನ್ನೂ ಜೊತೆಗಿಟ್ಟು ನೋಡಿದರೆ ದಾರಿ ಸಿಗುತ್ತದೆ. ಬಳೆ ಕೈ ತೊಳೆಯಲು ಅಡ್ಡ, ಗಾಜಿನದಾದರೆ ಒಡೆದು ರೋಗಿಗೋ ತೊಟ್ಟವರಿಗೋ ಗಾಯ. ಅದು ಹೋಗಲೇಬೇಕು. ಹೂವಿನ ಎಸಳು ಉದುರುತ್ತದೆ, ಉಬ್ಬಸವಿರುವ ರೋಗಿಗೆ ಗಾಢ ವಾಸನೆ ತೊಂದರೆ ಕೊಡಬಹುದು, ಅದನ್ನು ಹಾಸ್ಟೆಲ್ಲಿಗೆ ಬಂದ ಮೇಲೆ ಮುಡಿದರಾಯಿತು. ತಾಳಿಯ ವಿಷಯ ಬೇರೆ. ಸರ ಕುಪ್ಪಸದೊಳಗೆ ಇದ್ದು ಪಿನ್ನು ಮಾಡಿದ್ದರೆ ಅದು ರೋಗಿಗೆ ತಾಗುವುದೇ ಇಲ್ಲ. ಮದುವೆಯಾಗಿ ಓದುತ್ತಿರುವ ಹೆಣ್ಣುಮಕ್ಕಳು ಹೀಗೆಯೇ ಮಾಡುತ್ತಾರೆ, ಅನುಭವಿ ಸಿಸ್ಟರುಗಳೂ ಅದನ್ನೇ ಹೇಳಿಕೊಡುತ್ತಾರೆ. ಕಾಲುಂಗುರ ಶೂ ಒಳಗಿರುತ್ತದೆ. ಚಿಕ್ಕ ಓಲೆ, ಮೂಗುಬೊಟ್ಟು, ಕುಂಕುಮ ಯಾವ ರೋಗಿಗೂ ಕೆಡುಕು ಮಾಡುವುದಿಲ್ಲ. ಬ್ರಿಟನ್ನಿನ ನಿಯಮ ಕೂಡ ಒಂದು ಸಾದಾ ಮದುವೆಯ ಉಂಗುರಕ್ಕೆ ಒಪ್ಪಿಗೆ ಕೊಟ್ಟಿದೆ.

ಅತಿಗೆ ಹೋದ ಉದಾಹರಣೆ ಹರಿಯಾಣದ್ದು. ಅಲ್ಲಿನ ಸರ್ಕಾರ 2023ರ ಫೆಬ್ರವರಿಯಲ್ಲಿ ಆಸ್ಪತ್ರೆ ಸಿಬ್ಬಂದಿಗೆಲ್ಲ ವಸ್ತ್ರಸಂಹಿತೆ ಹೊರಡಿಸಿತು. ಉದ್ದ ಉಗುರಿನ ಜೊತೆಗೆ ಜೀನ್ಸ್, ಟೀಶರ್ಟ್, ಮೇಕಪ್, ವಿಚಿತ್ರ ಕೇಶಶೈಲಿ ಎಲ್ಲವನ್ನೂ ಒಂದೇ ಆದೇಶದಲ್ಲಿ ನಿಷೇಧಿಸಿತು. ಉದ್ದ ಉಗುರೂ ಜೀನ್ಸೂ ಒಂದೇ ತೂಕದ ಅಪರಾಧವೆಂದು ಓದಿದವರಿಗೆ ಅನ್ನಿಸಿದರೆ, ಉಗುರಿನ ಗಂಭೀರತೆ ಅಲ್ಲಿಗೇ ಕರಗುತ್ತದೆ.

ಹೊಳೆನರಸೀಪುರದ ಗಡ್ಡದ ಪ್ರಕರಣ

ಜಮ್ಮು ಕಾಶ್ಮೀರದ ವಿದ್ಯಾರ್ಥಿಗಳು ಬೇರೆ ರಾಜ್ಯಗಳಲ್ಲಿ ಓದಲೆಂದು ಪ್ರಧಾನಮಂತ್ರಿ ವಿಶೇಷ ವಿದ್ಯಾರ್ಥಿವೇತನ ಯೋಜನೆ 2011ರಿಂದ ನಡೆದಿದೆ. ಆ ಯೋಜನೆಯಲ್ಲಿ ಬಂದ ಹುಡುಗರು ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲೂ ಇದ್ದಾರೆ. 2024ರ ನವೆಂಬರಿನಲ್ಲಿ ಹೊಳೆನರಸೀಪುರದ ಸರ್ಕಾರಿ ನರ್ಸಿಂಗ್ ಕಾಲೇಜಿನ ಕಾಶ್ಮೀರಿ ವಿದ್ಯಾರ್ಥಿಗಳು ಒಂದು ದೂರು ಹೇಳಿಕೊಂಡರು. ಗಡ್ಡವನ್ನು ಪೂರ್ತಿ ಬೋಳಿಸಬೇಕು ಅಥವಾ ಟ್ರಿಮ್ಮರಿನ ಒಂದನೇ ನಂಬರಿಗೆ ಇಳಿಸಬೇಕು, ಇಲ್ಲದಿದ್ದರೆ ಆಸ್ಪತ್ರೆಯ ಪಾಳಿಯಲ್ಲಿ ಗೈರು ಹಾಜರಿ ಎಂದು ತಮಗೆ ಹೇಳಲಾಗಿದೆ ಎಂಬುದು ಅವರ ಮಾತು. ಅವರ ಪರವಾಗಿ ಜಮ್ಮು ಕಾಶ್ಮೀರ ವಿದ್ಯಾರ್ಥಿ ಸಂಘ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಗೆ ಪತ್ರ ಬರೆಯಿತು. ಸುದ್ದಿ ದೇಶದ ಪತ್ರಿಕೆಗಳಲ್ಲಿ ಬಂತು. ಆಮೇಲೆ ಮಾತುಕತೆ ನಡೆದು ವಿಷಯ ಇತ್ಯರ್ಥವಾಯಿತೆಂದು ವರದಿಯಾಯಿತು.

ಇಲ್ಲಿ ಕೇಳಬೇಕಾದ ಪ್ರಶ್ನೆ ಗಡ್ಡ ಯಾವ ಕಾರಣಕ್ಕೆ ಬೇಡ ಎಂಬುದು. ಅಂದವಾಗಿ ಕಾಣಲೆಂದು ಬೇಡ ಎನ್ನುವುದಾದರೆ ಅದು ಸೈನ್ಯದ ಬ್ಯಾರಕ್ಕಿನ ನಿಯಮ, ಕತ್ತರಿಸಿ ಒಪ್ಪವಾಗಿಟ್ಟ ಗಡ್ಡ ಯಾವ ವಾರ್ಡಿಗೂ ಅವಮಾನವಲ್ಲ. ಸೋಂಕಿನ ಕಾರಣವಾದರೆ ಮಾತು ನಿಖರವಾಗಿರಬೇಕು. ಸಾಧಾರಣ ವಾರ್ಡಿನಲ್ಲಿ ಶುಚಿಯಾದ ಗಡ್ಡ ಅಡ್ಡಿಯಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ತಲೆಯ ಜೊತೆಗೆ ಗಡ್ಡವನ್ನೂ ಮುಚ್ಚುವ ಹುಡ್ ಹಾಕಿದರೆ ಸಾಕು. ನಿಜವಾದ ತೊಡಕು ಕ್ಷಯದಂಥ ಗಾಳಿಯಲ್ಲಿ ಹರಡುವ ರೋಗದ ಬಳಿ ಎನ್ 95 ಮಾಸ್ಕ್ ಹಾಕುವಾಗ. ಆ ಮಾಸ್ಕಿನ ಅಂಚು ಚರ್ಮಕ್ಕೆ ಬಿಗಿಯಾಗಿ ಕೂರಬೇಕು, ಕೂದಲು ನಡುವೆ ಬಂದರೆ ಗಾಳಿ ಸೋರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಯಾವ ಮೀಸೆ, ಯಾವ ಗಡ್ಡದ ಮೇಲೆ ಈ ಮಾಸ್ಕು ಕೂರುತ್ತದೆ, ಯಾವುದರ ಮೇಲೆ ಕೂರುವುದಿಲ್ಲ ಎಂದು ಚಿತ್ರಪಟವನ್ನೇ ಮಾಡಿದೆ. ಅದರ ಪ್ರಕಾರ ಅಂಚಿನೊಳಗೆ ಉಳಿಯುವ ಮೀಸೆಗೆ ಅಡ್ಡಿಯಿಲ್ಲ, ಪೂರ್ಣ ಗಡ್ಡಕ್ಕೆ ಅಡ್ಡಿಯಿದೆ. ಒಂದನೇ ನಂಬರಿಗೆ ಇಳಿಸಿದ ಕುರುಚಲು ಗಡ್ಡವೂ ಆ ಬಿಗಿತವನ್ನು ಕೆಡಿಸುತ್ತದೆ. ಹಾಗಾಗಿ ಆ ಅಳತೆ ಮಾಸ್ಕಿನ ಲೆಕ್ಕಕ್ಕೂ ಹೊಂದುವುದಿಲ್ಲ.

ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಸಿಖ್ ವೈದ್ಯರು ಇದಕ್ಕೊಂದು ದಾರಿ ಹುಡುಕಿದರು. ಗಡ್ಡವನ್ನು ಹಿಗ್ಗುವ ಪಟ್ಟಿಯಿಂದ ಗದ್ದದ ಕೆಳಗಿಂದ ಎತ್ತಿ ತಲೆಯ ಮೇಲೆ ಕಟ್ಟಿ, ಅದರ ಮೇಲೆ ಮಾಸ್ಕು ಹಾಕುವ ಕ್ರಮ ಅದು. ‘ಸಿಂಗ್ ಠಾಠಾ’ ಎಂಬ ಹೆಸರಿನಲ್ಲಿ ಅದರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಲೇಖನವೂ ಬಂತು. ಹಾಕಿದ ಮೇಲೆ ಸೋರಿಕೆ ಪರೀಕ್ಷೆ ಮಾಡಿ ಪಾಸಾದರೆ ಕೆಲಸಕ್ಕೆ, ಇಲ್ಲವಾದರೆ ಬೇರೆ ವಾರ್ಡಿಗೆ. ಕಾಶ್ಮೀರದಿಂದ ಬಂದ ಹುಡುಗನಾಗಲಿ, ಹಳೇಬೀಡಿನಿಂದ ಬಂದ ಮಾಲೆ ಹಾಕಿದ ಅಯ್ಯಪ್ಪ ವ್ರತಧಾರಿಯಾಗಲಿ, ಇಬ್ಬರಿಗೂ ಇದೇ ಪರೀಕ್ಷೆ ಇಟ್ಟರೆ ದೂರಿಗೆ ಎಡೆಯಿರುವುದಿಲ್ಲ.

ತಲೆವಸ್ತ್ರ

ಕರ್ನಾಟಕದಲ್ಲಿ ಸಮವಸ್ತ್ರ ಎಂಬ ಮಾತು 2022ರ ಹಿಜಾಬ್ ವ್ಯಾಜ್ಯದಿಂದ ಭಾರವಾಯಿತು. ಆ ವರ್ಷ ಫೆಬ್ರವರಿ 5ರಂದು ಸರ್ಕಾರ ಶಾಲೆ ಮತ್ತು ಪದವಿಪೂರ್ವ ಕಾಲೇಜುಗಳ ಸಮವಸ್ತ್ರದ ಬಗ್ಗೆ ಆದೇಶ ಹೊರಡಿಸಿತು. ಮಾರ್ಚ್ 15ರಂದು ಹೈಕೋರ್ಟಿನ ಪೂರ್ಣ ಪೀಠ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಈ ವ್ಯಾಜ್ಯದ ವಸ್ತು ತರಗತಿಯ ಸಮಾನತೆ ಮತ್ತು ಧಾರ್ಮಿಕ ಸ್ವಾತಂತ್ರ್ಯ. ನರ್ಸಿಂಗ್ ಶಿಕ್ಷಣ ಬೇರೆ ಇಲಾಖೆ, ಬೇರೆ ವಿಶ್ವವಿದ್ಯಾಲಯದ ಅಡಿಯಲ್ಲಿದೆ, ವಾರ್ಡಿನ ಪ್ರಶ್ನೆಗಳೂ ಬೇರೆ.

ವಾರ್ಡಿನ ಪ್ರಶ್ನೆ ಹೇಗಿರುತ್ತದೆ ಎಂಬುದನ್ನು ತಿರುವನಂತಪುರ ಮೆಡಿಕಲ್ ಕಾಲೇಜು ತೋರಿಸಿತು. 2023ರಲ್ಲಿ ಅಲ್ಲಿನ ಕೆಲವು ವೈದ್ಯಕೀಯ ವಿದ್ಯಾರ್ಥಿನಿಯರು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಉದ್ದ ತೋಳಿನ ಅಂಗಿ, ಹುಡ್ ತೊಡಲು ಅನುಮತಿ ಕೇಳಿ ಪ್ರಾಂಶುಪಾಲರಿಗೆ ಪತ್ರ ಬರೆದರು. ಮೊಣಕೈವರೆಗೆ ತೊಳೆಯಬೇಕಾದ ಕೈಗೆ ಉದ್ದ ತೋಳು ಆಗದೆಂದು ವೈದ್ಯರ ಸಂಘ ಹೇಳಿತು. ಆ ಮಾತು ಸರಿ. ಆದರೆ ಒಂದೇ ಪತ್ರದಲ್ಲಿ ಇದ್ದದ್ದು ಎರಡು ಬೇಡಿಕೆ. ತೋಳು ಕೈತೊಳೆಯಲು ಅಡ್ಡಿ. ಹುಡ್ ಅಡ್ಡಿಯಲ್ಲ, ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಅದನ್ನು ಈಗಾಗಲೇ ಬಳಸುತ್ತಾರೆ. ಬ್ರಿಟನ್ನಿನ 2010ರ ಮಾರ್ಗಸೂಚಿ ಇದನ್ನು ಹೀಗೆಯೇ ಬಿಡಿಸಿತು. ಮುಂಗೈ ಮುಚ್ಚಿಕೊಳ್ಳಬೇಕೆನ್ನುವವರಿಗೆ ಬಳಸಿ ಎಸೆಯುವ ತೋಳಿನ ಹೊದಿಕೆ ಕೊಟ್ಟಿತು, ರೋಗಿಯ ಬಳಿ ಹೋಗುವಾಗ ಮೇಲೆ ಸರಿಸಬಹುದಾದ ಮುಕ್ಕಾಲು ತೋಳನ್ನೂ ಒಪ್ಪಿತು. ದಿನವೂ ಒಗೆದ, ಕುತ್ತಿಗೆಯೊಳಗೆ ಸಿಕ್ಕಿಸಿದ, ಬಾಗಿದಾಗ ಜೋತು ಬೀಳದ ತಲೆವಸ್ತ್ರ ಸೋಂಕಿನ ದೃಷ್ಟಿಯಿಂದ ಹೇರ್ ನೆಟ್ಟಿಗಿಂತ ಕೆಟ್ಟದ್ದಲ್ಲ. ಜೋತು ಬೀಳುವ ದುಪಟ್ಟಾ ಅದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ, ಅದನ್ನು ಎಷ್ಟೋ ಕಾಲೇಜುಗಳು ಸಮವಸ್ತ್ರದ ಭಾಗವಾಗಿಯೇ ಇಟ್ಟುಕೊಂಡಿವೆ.

ಸೀರೆಯಿಂದ ಟ್ಯೂನಿಕ್ಕಿಗೆ

ನರ್ಸ್‌ನ ಟೋಪಿ ಈಗ ಹೆಚ್ಚಾಗಿ ದೀಪ ಬೆಳಗುವ ಸಮಾರಂಭದ ಫೋಟೋಗಳಲ್ಲಿ, ಮೇ 12ರ ದಾದಿಯರ ದಿನದ ಭಿತ್ತಿಪತ್ರಗಳಲ್ಲಿ ಕಾಣುತ್ತದೆ. ಹಲವು ಕಡೆ ವಾರ್ಡಿನಲ್ಲಿ ಅದು ಹೋಗಿದೆ. ಸಲೈನ್ ಕೊಳವೆಗೆ, ಸೊಳ್ಳೆಪರದೆಗೆ ಸಿಕ್ಕಿಕೊಳ್ಳುತ್ತಿತ್ತು, ಗಂಜಿ ಹಾಕಿದ ಟೋಪಿಯನ್ನು ದಿನವೂ ಒಗೆಯುವವರಿರಲಿಲ್ಲ. ಗಂಡು ವಿದ್ಯಾರ್ಥಿಗಳು ಹೆಚ್ಚಿದ ಮೇಲಂತೂ ಅದಕ್ಕೆ ಅರ್ಥ ಉಳಿಯಲಿಲ್ಲ, ರೋಗಿಗಳು ‘ಬ್ರದರ್’ ಎಂದು ಕರೆಯುವ ಹುಡುಗನಿಗೆ ಟೋಪಿಯ ವಿಧಾನವೇ ಇರಲಿಲ್ಲ.

ಸೀರೆಯೂ ಹೀಗೇ ಹಿಂದೆ ಸರಿಯುತ್ತಿದೆ. ಹೃದಯ ನಿಂತ ರೋಗಿಯ ಎದೆ ಒತ್ತಲು ಮಂಚದ ಮೇಲೆ ಮೊಣಕಾಲೂರಬೇಕಾಗುತ್ತದೆ, ಬೀಳುತ್ತಿರುವ ವೃದ್ಧರನ್ನು ಹಿಡಿಯಲು ಓಡಬೇಕಾಗುತ್ತದೆ. ಐದೂವರೆ ಮೀಟರ್ ಬಟ್ಟೆಯಲ್ಲಿ ಅದು ಸುಲಭವಲ್ಲ. ಕಿಸೆಯೂ ಇಲ್ಲ. ಚೂಡಿದಾರ, ನಂತರ ಪ್ಯಾಂಟು ಮತ್ತು ಟ್ಯೂನಿಕ್ ಬಂದದ್ದು ಈ ಅನುಕೂಲಕ್ಕೆ. ಬಿಳಿಯ ಜಾಗಕ್ಕೆ ಹಸಿರು, ನೀಲಿ ಬಂದ ಕಥೆ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಶುರುವಾಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಶಸ್ತ್ರವೈದ್ಯ ಹ್ಯಾರಿ ಶೆರ್ಮನ್ 1914ರ ಹೊತ್ತಿಗೆ ಬಿಳಿಯ ಪ್ರಖರತೆ ಕಣ್ಣಿಗೆ ಹೊಡೆಯುತ್ತದೆಂದು ಸೊಪ್ಪಿನ ಹಸಿರನ್ನು ಬಳಸತೊಡಗಿದ. ರಕ್ತದ ಕೆಂಪಿಗೆ ಎದುರಾದ ಬಣ್ಣವದು, ಕಣ್ಣಿಗೆ ವಿಶ್ರಾಂತಿ ಸಿಗುತ್ತದೆ.

ಒಗೆಯುವ ಕೆಲಸದ ಬಗ್ಗೆ ಕಾಲೇಜಿನ ಪಟ್ಟಿಗಳು ಕಡಿಮೆ ಹೇಳುತ್ತವೆ, ಹೇಳಬೇಕಾದದ್ದು ಹೆಚ್ಚಿದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಹತ್ತು ನಿಮಿಷ ಒಗೆದರೆ ಬಹುತೇಕ ಎಲ್ಲ ರೋಗಾಣುಗಳೂ ಹೋಗುತ್ತವೆ ಎಂಬುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಸಲಹೆ. ಹಾಸ್ಟೆಲ್ಲಿನ ಹುಡುಗಿ ಬಕೆಟ್ಟಿನ ತಣ್ಣೀರಿನಲ್ಲಿ ನೆನೆಹಾಕಿ, ನೀಲಿ ಹಾಕಿ ಹಿಂಡುತ್ತಾಳೆ. ಅರಸೀಕೆರೆಯ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಗರಿಗರಿ ಒಣಗೀತು. ಬೇಲೂರಿನ ಕಡೆ ಆಷಾಢ ಶ್ರಾವಣದ ಜಡಿಮಳೆಯಲ್ಲಿ ಮೂರು ದಿನವಾದರೂ ಒದ್ದೆ. ಒದ್ದೆ ಬಟ್ಟೆಯಲ್ಲಿ ಬೂಷ್ಟು ಹಿಡಿಯುತ್ತದೆ, ವಾಸನೆ ಬರುತ್ತದೆ. ಕಾದ ಇಸ್ತ್ರಿಪೆಟ್ಟಿಗೆ ತೇವವನ್ನೂ ಓಡಿಸುತ್ತದೆ, ಉಳಿದ ರೋಗಾಣುಗಳನ್ನೂ ಕಡಿಮೆ ಮಾಡುತ್ತದೆ. ಎರಡರ ಬದಲು ಮೂರು ಜೊತೆ ಬಟ್ಟೆ, ಹಾಸ್ಟೆಲ್ಲಿನಲ್ಲಿ ಬಿಸಿನೀರು, ಮಳೆಗಾಲಕ್ಕೆ ಒಣಗಿಸುವ ಕೋಣೆ ಇವು ಸಮವಸ್ತ್ರದ ನಿಯಮದಷ್ಟೇ ಮುಖ್ಯ. ವಾರ್ಡಿನ ಬಟ್ಟೆಯಲ್ಲೇ ಬಸ್ಸು ಹತ್ತಬಾರದು ಎಂದು ಹೇಳುವ ಕಾಲೇಜು, ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸಲು ಒಂದು ಕೋಣೆಯನ್ನೂ ಬೀಗವಿರುವ ಕಪಾಟನ್ನೂ ಕೊಡಬೇಕಾಗುತ್ತದೆ.

ಹಳ್ಳಿಯ ಪೋಸ್ಟಿಂಗ್

ಸಮುದಾಯ ಆರೋಗ್ಯದ ಪಾಠಕ್ಕೆಂದು ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗುವಾಗ ಉಡುಪೂ ಬದಲಾಗುತ್ತದೆ. ಊರಿನಲ್ಲಿ ಆಗಲೇ ಬಣ್ಣದ ಗುರುತುಗಳಿವೆ. ಗುಲಾಬಿ ಸೀರೆ ಎಂದರೆ ಆಶಾ ಕಾರ್ಯಕರ್ತೆ, ಜನ ದೂರದಿಂದಲೇ ಗುರುತು ಹಿಡಿಯುತ್ತಾರೆ. ಹಿಂದೆ ಕಿರಿಯ ಆರೋಗ್ಯ ಸಹಾಯಕಿ ಎನ್ನುತ್ತಿದ್ದ ಸಿಸ್ಟರ್ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಇವರ ಜೊತೆ ಹೋಗುವ ವಿದ್ಯಾರ್ಥಿನಿಯನ್ನು ‘ನೀನ್ಯಾರಮ್ಮ, ಹೊಸಬಳಾ?’ ಎಂದು ಜಗಲಿಯ ಮೇಲಿನ ಅಜ್ಜಿ ಕೇಳಿದಾಗ, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಹೆಸರು ಬರೆದ ಫಲಕ ಇದ್ದರೆ ಅರ್ಧ ಪರಿಚಯ ಮುಗಿಯುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಬರೆದ ಫಲಕ ಆ ಜಗಲಿಯ ಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಈ ಭೇಟಿಯಲ್ಲಿ ಬಟ್ಟೆಯ ನಿಯಮ ‘ಬ್ಯಾಗ್ ಟೆಕ್ನಿಕ್’ ಎಂಬ ಕ್ರಮದೊಂದಿಗೆ ಬೆಸೆದುಕೊಂಡಿದೆ. ಮನೆಯಲ್ಲಿ ಒಂದು ಶುಚಿಯಾದ ಜಾಗ ನೋಡಿ ನೆಲಕ್ಕೆ ಹಳೆಯ ಪತ್ರಿಕೆ ಹಾಸಬೇಕು, ಅದರ ಮೇಲೆ ಬ್ಯಾಗು ಇಡಬೇಕು. ಗಡಿಯಾರ ತೆಗೆದು, ಬ್ಯಾಗಿನ ಹೊರಗಿನ ಜೇಬಿನಿಂದ ಸೋಪು, ಟವೆಲ್ಲು ತೆಗೆದು ಕೈ ತೊಳೆಯಬೇಕು. ಆಮೇಲೆಯೇ ಬ್ಯಾಗಿನ ಒಳಭಾಗಕ್ಕೆ ಕೈ. ಏಪ್ರನ್ ಹಾಕಿಕೊಂಡು ಬಾಣಂತಿಯ ರಕ್ತದೊತ್ತಡ ನೋಡಿ, ಮಗುವಿನ ಹೊಕ್ಕುಳು ನೋಡಿ, ಬೇಕಾದರೆ ಡ್ರೆಸ್ಸಿಂಗ್ ಮಾಡಿ, ಸಾಮಾನು ಶುಚಿಗೊಳಿಸಿ, ಮತ್ತೆ ಕೈ ತೊಳೆದು ಏಪ್ರನ್ ಬಿಚ್ಚಬೇಕು. ಬಿಚ್ಚುವಾಗ ರೋಗಿಗೆ ತಾಗಿದ ಹೊರಮೈ ಒಳಗೆ ಬರುವಂತೆ ಮಡಚಿ ಬೇರೆ ಇಡಬೇಕು. ನೆಲದ ಪತ್ರಿಕೆಯನ್ನೂ ಹಾಗೆಯೇ ಮಡಚಿ ತೆಗೆಯುತ್ತಾರೆ. ಹೊರಗೆ ಬಂದ ಮೇಲೆ ಗಡಿಯಾರ ಮತ್ತೆ ತೊಟ್ಟು, ಭೇಟಿಯ ಸಮಯವನ್ನು ಪುಸ್ತಕದಲ್ಲಿ ಬರೆದು ಮುಂದಿನ ಮನೆಗೆ ಹೋಗುತ್ತಾರೆ.